ಅಂಗನವಾಡಿ ಟೀಚರ್ ಸಂಬಳ ಎಷ್ಟು? ಪ್ರಶ್ನೆ ಒಂದು, ಉತ್ತರ ನಾಲ್ಕು

ಅಂಗನವಾಡಿ ಬಗ್ಗೆ ಬರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ತಲೆ ಕೆಡುತ್ತದೆ. ‘ಕಾರ್ಯಕರ್ತೆಯರಿಗೆ ತಿಂಗಳಿಗೆ 24,800 ರೂಪಾಯಿ ಕೊಡಿ: ಹೈಕೋರ್ಟ್’ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಅದೇ ಕೆಲಸಕ್ಕೆ 4,500 ರೂಪಾಯಿ. ರಾಜ್ಯದ ಬಜೆಟ್ ಬಂದಾಗ ‘ಸಾವಿರ ರೂಪಾಯಿ ಹೆಚ್ಚಳ’. ಚುನಾವಣೆ ಹೊತ್ತಿನಲ್ಲಿ ಕೇಳಿದ್ದು 15 ಸಾವಿರ. ಇದರ ನಡುವೆ ಅಂಗನವಾಡಿಯಲ್ಲೂ ಎಲ್‌ಕೆಜಿ, ಸರ್ಕಾರಿ ಶಾಲೆಯಲ್ಲೂ ಎಲ್‌ಕೆಜಿ. ಅದಕ್ಕೆ ಖುಷಿಪಡಬೇಕಾದ ಟೀಚರ್‌ಗಳೇ ಬೀದಿಗಿಳಿದು ಧರಣಿ ಕೂರುತ್ತಾರೆ.

ಇವುಗಳಲ್ಲಿ ಯಾವುದೂ ಸುಳ್ಳು ಸುದ್ದಿಯಲ್ಲ. ಒಂದೊಂದೂ ಒಂದೊಂದು ಕಡೆಯಿಂದ ಬಂದಿದೆ, ಅಷ್ಟೇ. ಎಲ್ಲದರ ಬುಡಕ್ಕೆ ಹೋದರೆ ಸಿಗುವುದು ಒಂದೇ ಸಮಸ್ಯೆ. ಆರು ವರ್ಷದೊಳಗಿನ ಮಗುವಿಗೆ ಕಲಿಯುವ ಹಕ್ಕನ್ನು ನಮ್ಮ ಕಾನೂನು ಇನ್ನೂ ಪೂರ್ತಿಯಾಗಿ ಕೊಟ್ಟಿಲ್ಲ. ಹಾಗಾಗಿ ಆ ಮಗುವಿಗೆ ಕಲಿಸುವವಳಿಗೂ ನೌಕರಿಯ ಹಕ್ಕು ಪೂರ್ತಿಯಾಗಿ ಸಿಕ್ಕಿಲ್ಲ.

ನಾಲ್ಕು ಅಂಕಿ, ನಾಲ್ಕು ಮೂಲ

ಮೊದಲು ದುಡ್ಡಿನ ಗೊಂದಲ ಬಿಡಿಸೋಣ.

4,500 ಅನ್ನುವುದು ಕೇಂದ್ರ ನಿಗದಿ ಮಾಡಿದ ಗೌರವಧನ. 2018ರ ಅಕ್ಟೋಬರ್‌ನಲ್ಲಿ ಅದನ್ನು 3,000ದಿಂದ 4,500ಕ್ಕೆ ಏರಿಸಿದರು. ಸಹಾಯಕಿಯರಿಗೆ 1,500 ಇದ್ದದ್ದು 2,250 ಆಯಿತು. ಈ 4,500ನ್ನೂ ಕೇಂದ್ರವೊಂದೇ ಕೊಡುವುದಿಲ್ಲ. ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಅಂದರೆ ಒಬ್ಬ ಕಾರ್ಯಕರ್ತೆಗಾಗಿ ದೆಹಲಿಯಿಂದ ಬರುವುದು ತಿಂಗಳಿಗೆ 2,700 ರೂಪಾಯಿ.

ಉಳಿದದ್ದನ್ನು ರಾಜ್ಯ ತನ್ನ ಜೇಬಿನಿಂದ ಹಾಕುತ್ತದೆ. 2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ಕರ್ನಾಟಕದಲ್ಲಿ ಕಾರ್ಯಕರ್ತೆಗೆ ಸಿಗುತ್ತಿದ್ದದ್ದು 11,500 ರೂಪಾಯಿಯ ಆಸುಪಾಸು. ಸೇವೆಯ ವರ್ಷಗಳ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿತ್ತು. ಅದನ್ನು 15 ಸಾವಿರ ಮಾಡುತ್ತೇವೆ ಎಂದು ಕಾಂಗ್ರೆಸ್ ಮಾತು ಕೊಟ್ಟಿತು. ಧರಣಿಗಳಲ್ಲಿ ‘ಆರನೇ ಗ್ಯಾರಂಟಿ ಎಲ್ಲಿ?’ ಎಂದು ಕೇಳುವುದು ಇದನ್ನೇ. 2025ರ ಮಾರ್ಚ್ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಏರಿಸಿದರು. ಅಷ್ಟಾದರೂ 15 ಸಾವಿರ ಮುಟ್ಟಲಿಲ್ಲ.

ಇನ್ನು 24,800. ಇದು ಗುಜರಾತ್ ಹೈಕೋರ್ಟ್‌ನ ಅಂಕಿ. 2024ರಲ್ಲಿ ಅಲ್ಲಿನ ಏಕಸದಸ್ಯ ಪೀಠ ಕಾರ್ಯಕರ್ತೆಯರನ್ನು ಮೂರನೇ ದರ್ಜೆ, ಸಹಾಯಕಿಯರನ್ನು ನಾಲ್ಕನೇ ದರ್ಜೆ ನೌಕರರಂತೆ ಕಾಣಬೇಕು ಎಂದಿತು. ಮೇಲ್ಮನವಿ ಕೇಳಿದ ವಿಭಾಗೀಯ ಪೀಠ 2025ರ ಆಗಸ್ಟ್‌ನಲ್ಲಿ ಆ ಆದೇಶವನ್ನು ಬದಲಿಸಿತು. ಕಾರ್ಯಕರ್ತೆಗೆ ಕನಿಷ್ಠ 24,800, ಸಹಾಯಕಿಗೆ 20,300 ರೂಪಾಯಿ ಕೊಡಿ ಎಂದು ಹೇಳಿತು.

ಹಾಗಾದರೆ ಇದು ನಮಗೂ ಅನ್ವಯ ಆಗುತ್ತಾ? ಆಗುವುದಿಲ್ಲ. ಒಂದು ರಾಜ್ಯದ ಹೈಕೋರ್ಟ್ ಆದೇಶ ಇನ್ನೊಂದು ರಾಜ್ಯದ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಕರ್ನಾಟಕ ಹೈಕೋರ್ಟ್‌ನಲ್ಲಿ ಇಂಥದ್ದೇ ಅರ್ಜಿ ಬಂದರೆ ‘ನೋಡಿ ಸ್ವಾಮಿ, ಗುಜರಾತ್‌ನಲ್ಲಿ ಹೀಗೆ ಹೇಳಿದ್ದಾರೆ’ ಎಂದು ವಕೀಲರು ಮುಂದಿಡಬಹುದು. ಒಪ್ಪುವುದು ಬಿಡುವುದು ಇಲ್ಲಿನ ನ್ಯಾಯಮೂರ್ತಿಗಳಿಗೆ ಬಿಟ್ಟದ್ದು. ಆದರೂ ಈ ಅಂಕಿಗೆ ಬೆಲೆ ಇದೆ. ಈ ಕೆಲಸಕ್ಕೆ ಎಷ್ಟು ಕೊಟ್ಟರೆ ನ್ಯಾಯ ಎಂದು ಒಂದು ಹೈಕೋರ್ಟ್ ರೂಪಾಯಿ ಲೆಕ್ಕದಲ್ಲೇ ಹೇಳಿಬಿಟ್ಟಿದೆ.

ಕರ್ನಾಟಕದ ಕೇಸು, ದೇಶಕ್ಕೆಲ್ಲ ಪೆಟ್ಟು

ಕೋರ್ಟಿನ ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ಅದಕ್ಕೆ ನಮ್ಮ ರಾಜ್ಯವೇ ಮೂಲ.

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆ) ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕು. ಆಗಿನ ಕಲ್ಪನೆ ಏನೆಂದರೆ, ಊರಿನ ಒಬ್ಬ ಹೆಣ್ಣುಮಗಳು ದಿನಕ್ಕೆ ಒಂದಷ್ಟು ಹೊತ್ತು ಸಮುದಾಯ ಸೇವೆ ಮಾಡುತ್ತಾಳೆ, ಅದಕ್ಕೆ ಸರ್ಕಾರ ಒಂದಿಷ್ಟು ಗೌರವಧನ ಕೊಡುತ್ತದೆ. ಹುದ್ದೆ ಅಂತ ಯಾರೂ ಸೃಷ್ಟಿ ಮಾಡಲಿಲ್ಲ. ಯೋಜನೆಯೊಳಗೆ ಒಂದು ಜಾಗ ಮಾಡಿಕೊಟ್ಟರು, ಅಷ್ಟೇ.

ಯೋಜನೆ ಬೆಳೆಯುತ್ತಾ ಹೋಯಿತು. ಕಾರ್ಯಕರ್ತೆಯರು ‘ನಾವೂ ಸರ್ಕಾರಿ ಕೆಲಸ ಮಾಡುತ್ತಿದ್ದೇವಲ್ಲ’ ಎಂದು ನ್ಯಾಯ ಕೇಳಿದರು. ಕರ್ನಾಟಕದಿಂದ ಹೋದ ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಇವು ಕಾನೂನಿನಡಿ ಸೃಷ್ಟಿಯಾದ ಹುದ್ದೆಗಳಲ್ಲ, ಇವರು ಸಿವಿಲ್ ಹುದ್ದೆಯಲ್ಲಿ, ಅಂದರೆ ಸರ್ಕಾರಿ ನೌಕರಿಯಲ್ಲಿ, ಇರುವವರಲ್ಲ, ಹಾಗಾಗಿ ಸರ್ಕಾರಿ ನೌಕರರ ದೂರು ಕೇಳುವ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಇವರು ಹೋಗುವಂತಿಲ್ಲ. ಮುಂದೆ ಎಷ್ಟೋ ವರ್ಷ ಸರ್ಕಾರಗಳು ಈ ತೀರ್ಪನ್ನು ಮುಂದಿಟ್ಟು ಬೇಡಿಕೆಗಳನ್ನು ತಳ್ಳಿಹಾಕಿದವು.

ಬಾಗಿಲು ಸ್ವಲ್ಪ ತೆರೆದದ್ದು 2022ರ ಏಪ್ರಿಲ್ 25ರಂದು. ಗುಜರಾತಿನ ದಾಹೋದ್ ಜಿಲ್ಲೆಯ ಪ್ರಕರಣ. ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಎಸ್. ಓಕಾ ಅವರ ಪೀಠ 1972ರ ಗ್ರಾಚ್ಯುಟಿ (ಕೆಲಸದಿಂದ ನಿವೃತ್ತರಾಗುವಾಗ ಸಿಗುವ ಇಡಿಗಂಟು) ಕಾಯ್ದೆ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆ ಎಂದಿತು. ಇದು ಅರೆಕಾಲಿಕ ಕೆಲಸ ಎಂಬ ಸರ್ಕಾರದ ವಾದವನ್ನು ಒಪ್ಪಲಿಲ್ಲ. ಹೆಸರು ಗೌರವಧನ ಅಂತಿದ್ದರೂ ಗ್ರಾಚ್ಯುಟಿ ಲೆಕ್ಕಕ್ಕೆ ಅದು ವೇತನವೇ ಎಂದಿತು.

ಹಾಗಾದರೆ ಹಳೆಯ ತೀರ್ಪು ರದ್ದಾಯಿತಾ? ಇಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ಸಿವಿಲ್ ಹುದ್ದೆ ಹೌದೋ ಅಲ್ಲವೋ ಎಂಬುದು ಒಂದು ಪ್ರಶ್ನೆ. ಕೆಲಸ ಮಾಡಿಸಿಕೊಂಡವರು ಗ್ರಾಚ್ಯುಟಿ ಕೊಡಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ. ಖಾಸಗಿ ಕಾರ್ಖಾನೆಯಲ್ಲಿ ದುಡಿದವರಿಗೂ ಗ್ರಾಚ್ಯುಟಿ ಸಿಗುತ್ತದೆ, ಅವರೇನು ಸರ್ಕಾರಿ ನೌಕರರಲ್ಲವಲ್ಲ. ಜೊತೆಗೆ ಕೋರ್ಟ್ ಇನ್ನೊಂದು ಮಾತು ಗಮನಿಸಿತು. 2013ರ ಆಹಾರ ಭದ್ರತಾ ಕಾಯ್ದೆ ಬಂದಮೇಲೆ ಅಂಗನವಾಡಿಯಲ್ಲಿ ಕೊಡುವ ಊಟ ಸರ್ಕಾರದ ಔದಾರ್ಯವಲ್ಲ, ತಾಯಿ ಮತ್ತು ಮಗುವಿನ ಕಾನೂನುಬದ್ಧ ಹಕ್ಕು. ಹಕ್ಕನ್ನು ತಲುಪಿಸುವವಳನ್ನು ಸುಮ್ನೆ ಸ್ವಯಂಸೇವಕಿ ಅನ್ನಲು ಆಗುವುದಿಲ್ಲ.

ಕರ್ನಾಟಕದಲ್ಲಿ ತೀರ್ಪು ತಾನಾಗಿ ಜಾರಿಗೆ ಬರಲಿಲ್ಲ. 2023ರ ಜನವರಿ ಕೊನೆಯಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿ ಅಹೋರಾತ್ರಿ ಧರಣಿ ಮಾಡಿದ ಮೇಲೆ ಸರ್ಕಾರ ಒಪ್ಪಿತು. ಗ್ರಾಚ್ಯುಟಿ ಲೆಕ್ಕ ಹೀಗೆ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 12,500 ರೂಪಾಯಿ ಪಡೆಯುವ, 30 ವರ್ಷ ಕೆಲಸ ಮಾಡಿದ ಕಾರ್ಯಕರ್ತೆಗೆ ಸಿಗುವುದು ಸುಮಾರು 2 ಲಕ್ಷದ 16 ಸಾವಿರ. ಅದೇ 24,800 ಆಗಿದ್ದರೆ 4 ಲಕ್ಷದ 29 ಸಾವಿರ. ಗೌರವಧನ ಕಡಿಮೆ ಇದ್ದರೆ ನಷ್ಟ ಆ ತಿಂಗಳಿಗೇ ಮುಗಿಯುವುದಿಲ್ಲ, ನಿವೃತ್ತಿಯವರೆಗೂ ಹಿಂಬಾಲಿಸುತ್ತದೆ.

ಆರು ವರ್ಷದ ಗೆರೆ

ಈಗ ಬುಡದ ಪ್ರಶ್ನೆಗೆ ಬರೋಣ. ಒಂದನೇ ತರಗತಿಗೆ ಕಲಿಸುವ ಮೇಷ್ಟ್ರು ನೌಕರ. ಅದೇ ಕಾಂಪೌಂಡಿನ ಅಂಗನವಾಡಿಯಲ್ಲಿ ಐದು ವರ್ಷದ ಮಗುವಿಗೆ ಕಲಿಸುವವಳು ನೌಕರಳಲ್ಲ. ಯಾಕೆ?

ಸಂವಿಧಾನದ 21ಎ ವಿಧಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದ್ದು 6ರಿಂದ 14 ವರ್ಷದ ಮಕ್ಕಳಿಗೆ. ಆರು ವರ್ಷದೊಳಗಿನವರನ್ನು 45ನೇ ವಿಧಿಗೆ ಬಿಟ್ಟಿದೆ. ಅದು ನಿರ್ದೇಶಕ ತತ್ವ. ಸರ್ಕಾರ ‘ಪ್ರಯತ್ನಿಸಬೇಕು’ ಎನ್ನುತ್ತದೆಯೇ ಹೊರತು ಕೊಡದಿದ್ದರೆ ಕೋರ್ಟಿಗೆ ಹೋಗಿ ಎನ್ನುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಂ ಕೂಡ 3ರಿಂದ 6 ವರ್ಷದವರಿಗೆ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ‘ಮಾಡಬಹುದು’ ಎಂದಷ್ಟೇ ಹೇಳುತ್ತದೆ.

ಇದರ ಪರಿಣಾಮ ನೇರವಾಗಿದೆ. ಒಂದನೇ ತರಗತಿಯ ಮಗುವಿಗೆ ಹಕ್ಕಿದೆ, ಹಾಗಾಗಿ ಇಷ್ಟು ಮಕ್ಕಳಿಗೆ ಇಷ್ಟು ಶಿಕ್ಷಕರು ಎಂಬ ನಿಯಮ ಇದೆ. ನಿಯಮ ಇರುವುದರಿಂದ ಮಂಜೂರಾದ ಹುದ್ದೆ ಇದೆ, ಅರ್ಹತೆ ಇದೆ, ವೇತನ ಶ್ರೇಣಿ ಇದೆ. ನಾಲ್ಕು ವರ್ಷದ ಮಗುವಿನ ವಿಷಯದಲ್ಲಿ ಮೊದಲ ಕೊಂಡಿಯೇ ಇಲ್ಲ. ಆಮೇಲಿನವು ಎಲ್ಲಿಂದ ಬರಬೇಕು? ಊಟಕ್ಕೆ ಕಾಯ್ದೆ ಬಂತು, ಅದರ ಬಲದಿಂದ ಗ್ರಾಚ್ಯುಟಿವರೆಗಾದರೂ ಬಂದರು. ಕಲಿಕೆಗೂ ಕಾಯ್ದೆ ಬಂದರೆ ವೇತನ ಶ್ರೇಣಿಯ ಪ್ರಶ್ನೆಯನ್ನು ಸರ್ಕಾರಗಳು ಬಹಳ ದಿನ ಮುಂದೂಡಲು ಆಗುವುದಿಲ್ಲ. ಹಣಕಾಸು ಇಲಾಖೆಗಳಿಗೆ ಇದು ಚೆನ್ನಾಗಿ ಗೊತ್ತು.

2013ರಲ್ಲೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಯೋಜನಾ ಕಾರ್ಯಕರ್ತರನ್ನು, ಅಂದರೆ ಅಂಗನವಾಡಿಯಂಥ ಸರ್ಕಾರಿ ಯೋಜನೆಗಳಲ್ಲಿ ದುಡಿಯುವವರನ್ನು, ಕಾರ್ಮಿಕರೆಂದು ಒಪ್ಪಿ, ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಿ ಎಂದು ಶಿಫಾರಸು ಮಾಡಿತ್ತು. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘ ಮೂವರೂ ಕೂತು ಒಪ್ಪಿದ ಮಾತದು. ಕಡತದಿಂದ ಆಚೆ ಬರಲಿಲ್ಲ.

ಒಂಬತ್ತೂವರೆಯಿಂದ ನಾಲ್ಕರವರೆಗೆ ಏನೇನು?

ಐಸಿಡಿಎಸ್‌ನಲ್ಲಿ ಆರು ಸೇವೆಗಳಿವೆ: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಇದರ ಮೇಲೆ ಕರ್ನಾಟಕದಲ್ಲಿ 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆ, ಅಂದರೆ ಗರ್ಭಿಣಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ. ಜೊತೆಗೆ ಹಾಲು, ಮೊಟ್ಟೆ. ಮೊಟ್ಟೆಗೆ ಸರ್ಕಾರ ಒಂದು ದರ ಕಟ್ಟಿರುತ್ತದೆ. ಸಂತೆಯಲ್ಲಿ ದರ ಏರಿದಾಗ ನಡುವಿನ ವ್ಯತ್ಯಾಸವನ್ನು ಯಾರು ಭರಿಸಬೇಕು ಎಂಬುದು ಕಾರ್ಯಕರ್ತೆಯರ ಹಳೆಯ ದೂರು. ಎಷ್ಟೋ ಸಲ ಅದು ಅವರ ಕೈಯಿಂದಲೇ ಹೋಗುತ್ತದೆ.

ಇದಲ್ಲದೆ ಬಿಎಲ್‌ಒ ಕೆಲಸ. ಅಂದರೆ ಮತಗಟ್ಟೆ ಅಧಿಕಾರಿಯಾಗಿ ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತುವುದು. ಅದು ಸಾಲದ್ದಕ್ಕೆ ಸಮೀಕ್ಷೆಗಳು.

ಈಚೆಗೆ ಸೇರಿದ ದೊಡ್ಡ ಹೊರೆ ಮೊಬೈಲಿನದು. 2021ರಲ್ಲಿ ಅಂಗನವಾಡಿಯ ಕೆಲಸ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರ ಕೊಡಬೇಕಾದರೆ ಫಲಾನುಭವಿಯ ಮುಖವನ್ನು ಕ್ಯಾಮೆರಾದಲ್ಲಿ ಗುರುತಿಸುವುದು ಕಡ್ಡಾಯವಾಯಿತು. ಕಾಗದದ ಮೇಲೆ ಇದು ಸೋರಿಕೆ ತಡೆಯುವ ಕ್ರಮ. ಬಾಗಿಲಲ್ಲಿ ನಿಂತು ನೋಡಿದರೆ ಚಿತ್ರ ಬೇರೆ. ಮಗು ಸೊಂಟದ ಮೇಲೆ ಕೂರಿಸಿಕೊಂಡು ತಾಯಿ ಪ್ಯಾಕೆಟ್‌ಗೆ ಬಂದಿದ್ದಾಳೆ. ಆಧಾರ್ ಪರಿಶೀಲನೆಗೆ ಒಟಿಪಿ ಬೇಕು. ಆಧಾರ್‌ಗೆ ಜೋಡಿಸಿದ ನಂಬರ್ ಗಂಡನದು, ಆತ ಫೋನ್ ಸಮೇತ ಕೆಲಸಕ್ಕೆ ಹೋಗಿದ್ದಾನೆ. ಫೋನ್ ಮಾಡಿ ಕೇಳಬೇಕು, ಆತ ಎತ್ತಿ ಓದಿ ಹೇಳುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಅದು ದಾಟಿದರೆ ಮುಖ ಹೊಂದಬೇಕು. ಅದೂ ದಾಟಿದರೆ ನೆಟ್‌ವರ್ಕ್ ಇರಬೇಕು. ಅಷ್ಟೂ ಹೊತ್ತು ಒಳಗಿರುವ ಮೂರು ವರ್ಷದವರನ್ನು ನೋಡಿಕೊಳ್ಳುವುದು ಸಹಾಯಕಿ, ಅದೂ ಒಲೆ ಮೇಲೆ ಸಾಂಬಾರ್ ಇಟ್ಟುಕೊಂಡು. ಪ್ಯಾಕೆಟ್ ಸಿಗದ ತಾಯಿ ಬೈಯುವುದು ದೆಹಲಿಯ ಆ್ಯಪ್ ಮಾಡಿದವರನ್ನಲ್ಲ, ಎದುರಿಗಿರುವ ಟೀಚರನ್ನು.

ಸೋರಿಕೆ ತಡೆಯಬಾರದು ಅಂತಲ್ಲ. ಆದರೆ ಪ್ರತಿ ಹೊಸ ಪರಿಶೀಲನೆಗೂ ಸಮಯ ಬೇಕು, ಆ ಸಮಯ ಬರುವುದು ಶಾಲಾಪೂರ್ವ ಶಿಕ್ಷಣದ ಅವಧಿಯಿಂದ. ಊಟ ಹಾಕದಿದ್ದರೆ, ಆ್ಯಪ್ ತುಂಬದಿದ್ದರೆ ನೋಟಿಸ್ ಬರುತ್ತದೆ. ಹಾಡು ಹೇಳಿಕೊಡದಿದ್ದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಮೊದಲು ಬಲಿಯಾಗುವುದು ಹಾಡು.

ಎಲ್‌ಕೆಜಿ ಜಗಳ ಯಾಕೆ?

2024ರ ಜೂನ್‌ನಲ್ಲಿ ಶಿಕ್ಷಣ ಇಲಾಖೆ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸುಮಾರು ಸಾವಿರ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಿತು. ಅಂಗನವಾಡಿ ನೌಕರರು ಸಿಡಿದೆದ್ದರು. ಮರುತಿಂಗಳೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಬೆಂಗಳೂರಿನ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಮಾಡಿತು. ಒಂದೇ ಸರ್ಕಾರದ ಎರಡು ಇಲಾಖೆಗಳು ಒಂದೇ ಮಗುವಿಗಾಗಿ ಎರಡು ಬೋರ್ಡು ಹಾಕಿದವು. ಓದುಗರಿಗೆ ಗೊಂದಲ ಆಗದೆ ಇನ್ನೇನು?

ಶಿಕ್ಷಣ ಇಲಾಖೆಯ ವಾದದಲ್ಲಿ ಹುರುಳಿದೆ. ಮೂರೂವರೆ ವರ್ಷಕ್ಕೆ ಖಾಸಗಿ ಎಲ್‌ಕೆಜಿ ಸೇರಿದ ಮಗು ಒಂದನೇ ತರಗತಿಗೆ ಸರ್ಕಾರಿ ಶಾಲೆಗೆ ವಾಪಸ್ ಬರುವುದು ಅಪರೂಪ. ಹಳದಿ ಬಸ್ಸು ಹಳ್ಳಿಯ ಬಾಗಿಲಿಗೇ ಬರುತ್ತದೆ. ಸರ್ಕಾರಿ ಶಾಲೆ ಖಾಲಿಯಾಗುವುದು ಒಂದನೇ ತರಗತಿಯಲ್ಲಲ್ಲ, ಅದಕ್ಕೆ ಎರಡು ವರ್ಷ ಮೊದಲೇ. ಆ ಎರಡು ವರ್ಷವನ್ನು ಶಾಲೆಯೇ ಹಿಡಿದುಕೊಳ್ಳಬೇಕು ಎಂಬುದು ಅವರ ಲೆಕ್ಕ. ಅಪ್ಪ ಅಮ್ಮಂದಿರ ಮನಸ್ಸೂ ಆ ಕಡೆಗೇ ಇದೆ.

ಕಾರ್ಯಕರ್ತೆಯರ ಭಯ ಇಂಗ್ಲಿಷ್ ಬಗ್ಗೆಯೂ ಅಲ್ಲ, ಯೂನಿಫಾರ್ಮ್ ಬಗ್ಗೆಯೂ ಅಲ್ಲ. ನಾಲ್ಕು ದಾಟಿದವರೆಲ್ಲ ಪಕ್ಕದ ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಮೂರರ ಮಕ್ಕಳು ಮಾತ್ರ. ಹಾಜರಾತಿ ಕುಸಿಯುತ್ತದೆ. ಹಾಜರಾತಿ ಕುಸಿದ ಕೇಂದ್ರವನ್ನು ಪಕ್ಕದ ಕೇಂದ್ರಕ್ಕೆ ಸೇರಿಸುವ ಮಾತು ಬರುತ್ತದೆ. ಮಂಜೂರಾದ ಹುದ್ದೆ ಇರುವ ಶಿಕ್ಷಕನಾದರೆ ಶಾಲೆ ಮುಚ್ಚಿದರೂ ಬೇರೆ ಶಾಲೆಗೆ ಹೋಗುತ್ತಾನೆ, ಸಂಬಳ ನಿಲ್ಲುವುದಿಲ್ಲ. ಇವಳ ಜಾಗ ಇರುವುದು ಆ ಕೇಂದ್ರದಲ್ಲಿ, ಆ ಊರಿನಲ್ಲಿ. ಭದ್ರತೆ ಇದ್ದಿದ್ದರೆ ಈ ವಿರೋಧದ ಅರ್ಧ ಕರಗಿಹೋಗುತ್ತಿತ್ತು.

ಇನ್ನು ಶಾಲೆಯ ಎಲ್‌ಕೆಜಿಗೆ ಕಲಿಸಲು ಬಂದವರಾದರೂ ಯಾರು? ಅತಿಥಿ ಶಿಕ್ಷಕಿಯರು. ಅವರಿಗೂ ಗೌರವಧನವೇ, ಅವರಿಗೂ ಕಾಯಂ ಇಲ್ಲ. ಅಂದರೆ ಒಂದು ಅಭದ್ರ ಕೆಲಸವನ್ನು ಬದಿಗಿಟ್ಟು ಇನ್ನೊಂದು ಅಭದ್ರ ಕೆಲಸ ಸೃಷ್ಟಿಸಿದಂತಾಯಿತು. ಹೊಸದಾಗಿ ಬಂದವಳಿಗೆ ಅಡುಗೆ, ಆ್ಯಪ್, ಮೊಟ್ಟೆ ತಾಪತ್ರಯ ಇಲ್ಲ ಎಂಬುದೊಂದೇ ಅನುಕೂಲ. ಅದು ಸಣ್ಣದಲ್ಲ ಅನ್ನಿ.

ಪಕ್ಕದ ತಮಿಳುನಾಡು ಇದನ್ನು ಮೊದಲೇ ಮಾಡಿ ನೋಡಿದೆ. 2019ರಲ್ಲಿ ಶಾಲಾ ಆವರಣದ 2,381 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದು, ಪ್ರಾಥಮಿಕ ಶಾಲೆಯ ಹೆಚ್ಚುವರಿ ಶಿಕ್ಷಕರನ್ನು ಅಲ್ಲಿಗೆ ಹಾಕಿತು. ದೊಡ್ಡ ಮಕ್ಕಳಿಗೆ ಕಲಿಸಿ ಅಭ್ಯಾಸವಾದವರಿಗೆ ಇದು ಹಿಂಬಡ್ತಿಯಂತೆ ಕಂಡಿತು. 2022ರಲ್ಲಿ ತರಗತಿಗಳನ್ನು ನಿಲ್ಲಿಸುವ ಮಾತಾಯಿತು, ವಿರೋಧ ಬಂದಮೇಲೆ ಮತ್ತೆ ಮುಂದುವರಿಸಿದರು. ಬೋರ್ಡು ಹಾಕುವುದು ಸುಲಭ, ಯಾರನ್ನು ಯಾವ ಷರತ್ತಿನ ಮೇಲೆ ಕೂರಿಸಬೇಕು ಎಂಬುದು ಕಷ್ಟ. ಅಂದಹಾಗೆ ತಮಿಳುನಾಡಿನ ಅಂಗನವಾಡಿ ಸಿಬ್ಬಂದಿಗೆ ವಿಶೇಷ ವೇತನ ಶ್ರೇಣಿ ಇದೆ. ಯೋಜನೆ ಕೇಂದ್ರದ್ದಾದರೂ ರಾಜ್ಯ ಮನಸ್ಸು ಮಾಡಿದರೆ ಶ್ರೇಣಿ ಕೊಡಬಹುದು ಎಂಬುದಕ್ಕೆ ಅದೇ ಸಾಕ್ಷಿ.

ಮೂರು ದಿನದ ತರಬೇತಿ

ಮೂರರಿಂದ ಆರು ವರ್ಷದವರಿಗೆ ಕಲಿಸುವುದು ಸುಲಭ ಎಂಬ ನಂಬಿಕೆ ಈ ವೃತ್ತಿಗೆ ಮಾಡಿರುವಷ್ಟು ಕೇಡು ಬೇರಾವುದೂ ಮಾಡಿಲ್ಲ. ಒಂದನೇ ತರಗತಿಗೆ ಕಲಿಸಲು ಎರಡು ವರ್ಷದ ಶಿಕ್ಷಕ ತರಬೇತಿ ಡಿಪ್ಲೊಮಾ (ಡಿ.ಇಎಲ್.ಇಡಿ.) ಬೇಕು, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು. ಅಂಗನವಾಡಿ ಕಾರ್ಯಕರ್ತೆಗೆ ಬಹಳ ಕಾಲ ಇದ್ದದ್ದು 26 ದಿನಗಳ ಆರಂಭಿಕ ತರಬೇತಿ, ಆಗಾಗ ಒಂದು ವಾರದೊಳಗಿನ ಪುನಶ್ಚೇತನ. ಆ 26 ದಿನದಲ್ಲೇ ಪೌಷ್ಟಿಕತೆ, ಚುಚ್ಚುಮದ್ದು, ದಾಖಲೆ ಬರೆಯುವುದು ಎಲ್ಲ ಬರಬೇಕು. ಮಕ್ಕಳ ಕಲಿಕೆಗೆ ಉಳಿಯುವುದೆಷ್ಟು?

2023ರ ಮೇನಲ್ಲಿ ಕೇಂದ್ರ ‘ಪೋಷಣ್ ಭೀ ಪಢಾಯಿ ಭೀ’ (ಪೋಷಣೆಯೂ ಓದೂ) ಶುರುಮಾಡಿತು. ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’, ಮೂರರೊಳಗಿನವರಿಗೆ ‘ನವಚೇತನಾ’ ಎಂಬ ಪಠ್ಯಕ್ರಮಗಳು 2024ರಲ್ಲಿ ಬಂದವು. ಆಟದ ಮೂಲಕ ಕಲಿಕೆ, ಮನೆಮಾತಿನಲ್ಲೇ ಶುರುಮಾಡುವುದು, ಹುಟ್ಟಿನಿಂದ ಮಗುವಿನ ಜೊತೆ ಮಾತಾಡುವಂತೆ ತಾಯಿಗೆ ಹೇಳಿಕೊಡುವುದು, ಇವೆಲ್ಲ ಒಳ್ಳೆಯ ವಿಷಯಗಳೇ. ಆದರೆ ಕಾರ್ಯಕರ್ತೆಗೆ ಸಿಗುವುದು ಮೂರು ದಿನದ ತರಬೇತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದು ಇದಕ್ಕಿಂತ ದೊಡ್ಡದು: ಪಿಯುಸಿ ಆದವರಿಗೆ ಆರು ತಿಂಗಳ ಸರ್ಟಿಫಿಕೇಟ್, ಅಷ್ಟು ಓದದವರಿಗೆ ಒಂದು ವರ್ಷದ ಡಿಪ್ಲೊಮಾ, ಕೆಲಸ ಮಾಡುತ್ತಲೇ ಓದುವಂತೆ. ಕರ್ನಾಟಕ ಆ ನೀತಿಯನ್ನು ಬಿಟ್ಟು ತನ್ನದೇ ಆಯೋಗ ಮಾಡಿತು. ನೀತಿ ಯಾವುದೇ ಇರಲಿ, ಆರು ತಿಂಗಳಿನ ಕೋರ್ಸಿನ ಅಗತ್ಯ ಹಾಗೇ ಇದೆ.

ತರಬೇತಿ ಇಲ್ಲದೆ ಎಲ್‌ಕೆಜಿ ಅಂದರೆ ಏನಾಗುತ್ತದೆ ಎಂಬುದನ್ನು ಖಾಸಗಿ ಶಾಲೆಗಳಲ್ಲೇ ನೋಡಬಹುದು. ಪೆನ್ಸಿಲ್ ಸರಿಯಾಗಿ ಹಿಡಿಯಲು ಬಾರದ ಬೆರಳಿಗೆ ನಾಲ್ಕು ಗೆರೆ ಪುಸ್ತಕದಲ್ಲಿ ಪುಟಗಟ್ಟಲೆ ಎಬಿಸಿಡಿ. ಮನೆಗೆ ಬಂದು ಹೋಮ್‌ವರ್ಕ್. ಮಣ್ಣಲ್ಲಿ ಆಡಿ, ಮಣಿ ಪೋಣಿಸಿ, ಕಥೆ ಕೇಳಿ ಬೆಳೆಯಬೇಕಾದ ವಯಸ್ಸದು. ಅಪ್ಪ ಅಮ್ಮಂದಿರಿಗೆ ಪುಸ್ತಕ ತುಂಬಿದ್ದು ಕಾಣುತ್ತದೆ, ಮಣಿ ಪೋಣಿಸಿದ್ದು ಕಾಣುವುದಿಲ್ಲ. ಮಾಂಟೆಸ್ಸರಿ ಎಂದು ಬೋರ್ಡು ಹಾಕಿ ಒಳಗೆ ಕಾಪಿ ಬರೆಸಿದರೆ ಅಂಗನವಾಡಿಯ ಇದ್ದ ಗುಣವೂ ಹೋಗುತ್ತದೆ.

ಕೂಸಿನ ಮನೆ: ಇನ್ನೂ ಸಡಿಲ

ಮೂರು ವರ್ಷದೊಳಗಿನವರ ಕಡೆ ನೋಡಿದರೆ ಪರಿಸ್ಥಿತಿ ಇನ್ನೂ ಸಡಿಲ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಹೇಳಿತು. ಕೂಲಿಗೆ ಹೋಗುವ ತಾಯಂದಿರ ಶಿಶುಗಳಿಗೆ ಇದು ನಿಜಕ್ಕೂ ಬೇಕಾಗಿದ್ದ ವ್ಯವಸ್ಥೆ. ಆದರೆ ಆರೈಕೆ ಮಾಡುವವರಿಗೆ ದುಡ್ಡು ಉದ್ಯೋಗ ಖಾತ್ರಿ ಕೂಲಿಯಿಂದ, 2025–26ರಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು. ಆಗ ಖಾತ್ರಿಯಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನ ಇತ್ತು. ಹಾಗಾಗಿ ಒಬ್ಬರ ದಿನಗಳು ಮುಗಿದರೆ ಇನ್ನೊಬ್ಬರು ಬರಬೇಕಿತ್ತು.

ವರ್ಷದ ಕೂಸು ಒಂದು ಮುಖಕ್ಕೆ ಹೊಂದಿಕೊಳ್ಳಲು ವಾರಗಳು ಬೇಕು. ಹೊಂದಿಕೊಂಡ ಹೊತ್ತಿಗೆ ಮುಖ ಬದಲಾಗುತ್ತದೆ. ಹೀಗೆ ಮಾಡಿದ್ದು ಮಗುವಿನ ಅಗತ್ಯ ನೋಡಿ ಅಲ್ಲ, ದುಡ್ಡು ಎಲ್ಲಿ ಸಿಗುತ್ತದೆ ಎಂದು ನೋಡಿ. ಸಣ್ಣ ಮಕ್ಕಳ ಆರೈಕೆಗೆ ತನ್ನದೇ ಅನುದಾನ ಇಲ್ಲದಿದ್ದಾಗ ಬೇರೆ ಯೋಜನೆಯ ಬಾಲ ಹಿಡಿದು ನಡೆಯಬೇಕಾಗುತ್ತದೆ. ಆ ಯೋಜನೆಯ ನಿಯಮ ಬದಲಾದರೆ ಇದೂ ಅಲುಗಾಡುತ್ತದೆ.

ದುಡ್ಡು ಎಷ್ಟು ಬೇಕು?

ಕರ್ನಾಟಕದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ. ಒಬ್ಬೊಬ್ಬ ಕಾರ್ಯಕರ್ತೆಗೆ ತಿಂಗಳಿಗೆ ಸಾವಿರ ರೂಪಾಯಿ ಏರಿಸಿದರೆ ವರ್ಷಕ್ಕೆ 84 ಕೋಟಿ. ಗುಜರಾತ್ ಹೈಕೋರ್ಟ್ ಹೇಳಿದ ಮಟ್ಟಕ್ಕೆ ಏರಿಸಲು 2025ರ ಗೌರವಧನದ ಮೇಲೆ 12 ಸಾವಿರದಷ್ಟು ಸೇರಿಸಬೇಕು, ಅಂದರೆ ವರ್ಷಕ್ಕೆ ಸಾವಿರ ಕೋಟಿಯ ಲೆಕ್ಕ. ಸಹಾಯಕಿಯರದು ಇದರ ಮೇಲೆ. ಸಣ್ಣ ಮೊತ್ತವಲ್ಲ. ಆದರೆ 2025–26ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51 ಸಾವಿರ ಕೋಟಿ. ಅದರ ಪಕ್ಕದಲ್ಲಿಟ್ಟು ನೋಡಿದರೆ ‘ದುಡ್ಡೇ ಇಲ್ಲ’ ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ. ರಾಜ್ಯದ ದೂರಿನಲ್ಲೂ ನ್ಯಾಯವಿದೆ. ಕೇಂದ್ರದ ಯೋಜನೆ, ಕೇಂದ್ರದ ಆ್ಯಪ್, ಕೇಂದ್ರದ ಷರತ್ತು, ಬರುವುದು ಮಾತ್ರ 2,700 ರೂಪಾಯಿ. ಹೊಣೆ ಎರಡು ಸರ್ಕಾರಗಳ ನಡುವೆ ಹಂಚಿಹೋಗಿರುವುದರಿಂದ ಇಬ್ಬರಿಗೂ ಇನ್ನೊಬ್ಬರ ಕಡೆ ಬೆರಳು ತೋರಿಸಲು ಅನುಕೂಲ.

ಕನಿಷ್ಠ ವೇತನದ ಮಾತೂ ಇದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಹೊರಡಿಸಿದ ಕರಡಿನಲ್ಲಿ ಕೌಶಲ ಬೇಡದ ಕೆಲಸಕ್ಕೂ ತಿಂಗಳಿಗೆ 19 ಸಾವಿರಕ್ಕಿಂತ ಮೇಲೆ ಎಂಬ ಪ್ರಸ್ತಾಪ ಇತ್ತು. ಖಾಸಗಿ ಮಾಲೀಕರಿಗೆ ಅಷ್ಟು ಕೊಡಿ ಎನ್ನುವ ಸರ್ಕಾರ ತನ್ನ ಕೇಂದ್ರದಲ್ಲಿ ಪಿಯುಸಿ ಓದಿದವಳಿಗೆ ಅದಕ್ಕಿಂತ ಕಡಿಮೆ ಕೊಡುತ್ತಿದೆ.

ಮುಂದೆ ಏನಾಗಬಹುದು?

ಗಮನಿಸಬೇಕಾದದ್ದು ರಾಜ್ಯ ಶಿಕ್ಷಣ ನೀತಿ ಆಯೋಗದ ವರದಿ. ಸುಖದೇವ್ ಥೋರಟ್ ನೇತೃತ್ವದ ಆಯೋಗ 2025ರ ಆಗಸ್ಟ್‌ನಲ್ಲಿ ಅದನ್ನು ಕೊಟ್ಟಿತು. 2+8+4 ವ್ಯವಸ್ಥೆ ಇರಲಿ ಎಂದಿದೆ. ಮೊದಲ ಎರಡು ವರ್ಷ ಶಾಲಾಪೂರ್ವ ಶಿಕ್ಷಣ, ಆಮೇಲೆ ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ. ಇದನ್ನು ಒಪ್ಪಿದರೆ ಆ ಎರಡು ವರ್ಷ ಶಾಲಾ ಶಿಕ್ಷಣದ ಭಾಗವಾಗುತ್ತದೆ. ಆಗ ಅಲ್ಲಿ ಕಲಿಸುವವರ ಅರ್ಹತೆ, ನೇಮಕ, ವೇತನದ ನಿಯಮ ಬರೆಯಲೇಬೇಕು.

ಆಗ ಮೂರು ದಾರಿಗಳಿವೆ. ಅತಿಥಿ ಶಿಕ್ಷಕಿಯರನ್ನೇ ಹೆಚ್ಚಿಸಿ ಕಾಲ ತಳ್ಳುವುದು ಒಂದು. ಅಗ್ಗದ ದಾರಿ, ಸರ್ಕಾರಗಳಿಗೆ ಪ್ರಿಯವಾದದ್ದೂ ಅದೇ. ಹೊಸ ಶಿಕ್ಷಕಿಯರನ್ನು ಶ್ರೇಣಿ ಕೊಟ್ಟು ನೇಮಿಸಿ ಅಂಗನವಾಡಿಯನ್ನು ಮೂರರೊಳಗಿನ ಮಕ್ಕಳಿಗೆ, ತಾಯಂದಿರಿಗೆ ಸೀಮಿತ ಮಾಡುವುದು ಇನ್ನೊಂದು. ಪದವಿ ಓದಿರುವ, ಕಲಿಸುವ ಆಸಕ್ತಿ ಇರುವ ಕಾರ್ಯಕರ್ತೆಯರಿಗೆ ಆರು ತಿಂಗಳಿನ ತರಬೇತಿ ಕೊಟ್ಟು ಅವರನ್ನೇ ಶಾಲಾಪೂರ್ವ ಶಿಕ್ಷಕಿಯರನ್ನಾಗಿ ಮಾಡಿ, ಆಹಾರ ಮತ್ತು ಆರೋಗ್ಯದ ಕೆಲಸಕ್ಕೆ ಎರಡನೇ ಕಾರ್ಯಕರ್ತೆಯನ್ನು ಹಾಕುವುದು ಮೂರನೆಯದು. ಖರ್ಚು ಜಾಸ್ತಿ, ಆದರೆ ಕೆಲಸ ಆಗುವುದು ಇದರಿಂದಲೇ. ಒಬ್ಬಳೇ ಒಟಿಪಿಗೂ ಕಾಯಬೇಕು, ಕಥೆಯನ್ನೂ ಹೇಳಬೇಕು ಅಂದರೆ ಎರಡೂ ಅರೆಬರೆ ಆಗುತ್ತವೆ.

ಅರ್ಜಿ ಹಾಕುವವರು ತಿಳಿದಿರಬೇಕಾದ್ದು

ಜಿಲ್ಲಾವಾರು ನೇಮಕಾತಿ ಪ್ರಕಟಣೆ ಬಂದಾಗಲೆಲ್ಲ ಸಾವಿರಾರು ಹೆಣ್ಣುಮಕ್ಕಳು ಅರ್ಜಿ ಹಾಕುತ್ತಾರೆ. ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ಸಾಮಾನ್ಯವಾಗಿ 35 ವರ್ಷದೊಳಗಿರಬೇಕು, ಅದೇ ಊರಿನ ಅಥವಾ ವಾರ್ಡಿನ ನಿವಾಸಿ ಆಗಿರಬೇಕು. 60ಕ್ಕೆ ನಿವೃತ್ತಿ.

ಬಡ್ತಿಯ ದಾರಿ ಕೇಂದ್ರದ ಮಾರ್ಗಸೂಚಿಯಲ್ಲಿ ಇದೆ. ಐದು ವರ್ಷ ಸೇವೆ ಮಾಡಿದ ಸಹಾಯಕಿಯರಿಗೆ ಕಾರ್ಯಕರ್ತೆ ಜಾಗಗಳಲ್ಲಿ ಅರ್ಧ, ಐದು ವರ್ಷ ಸೇವೆ ಮಾಡಿದ ಕಾರ್ಯಕರ್ತೆಯರಿಗೆ ಮೇಲ್ವಿಚಾರಕಿ ಹುದ್ದೆಗಳಲ್ಲಿ ಅರ್ಧ ಮೀಸಲು. ಕೇಳಲು ಚೆನ್ನಾಗಿದೆ. ಆದರೆ ಸುಮಾರು 25 ಕೇಂದ್ರಕ್ಕೆ ಒಬ್ಬ ಮೇಲ್ವಿಚಾರಕಿ. ಅದರಲ್ಲಿ ಅರ್ಧ ಬಡ್ತಿಗೆ ಅಂದರೆ 50 ಕಾರ್ಯಕರ್ತೆಯರಿಗೆ ಒಂದು ಹುದ್ದೆ, ಅದೂ ಖಾಲಿಯಾದಾಗ. ಮೇಲ್ವಿಚಾರಕಿ ಸರ್ಕಾರಿ ನೌಕರಳು, ಕಾರ್ಯಕರ್ತೆ ಅಲ್ಲ. ಹಾಗಾಗಿ ಆ ಒಂದು ಮೆಟ್ಟಿಲು ಹತ್ತಿದವಳ ಬದುಕೇ ಬದಲಾಗುತ್ತದೆ. ಉಳಿದ 49 ಮಂದಿ ಸೇರಿದ ದಿನದ ಹೆಸರಿನಲ್ಲೇ ನಿವೃತ್ತರಾಗುತ್ತಾರೆ.

ಸೇರುವವರಿಗೆ ಇವತ್ತು ಖಚಿತವಾಗಿ ಸಿಗುವುದು ಇಷ್ಟು: ರಾಜ್ಯ ನಿಗದಿ ಮಾಡಿದ ಗೌರವಧನ, ಐದು ವರ್ಷ ದಾಟಿದರೆ ಗ್ರಾಚ್ಯುಟಿಯ ಹಕ್ಕು, 2024ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ರಕ್ಷಣೆ. ವೇತನ ಶ್ರೇಣಿ ಇಲ್ಲ, ಸರ್ಕಾರಿ ನೌಕರರಂತೆ ವರ್ಗಾವಣೆ ಇಲ್ಲ. ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋಗುವ ಸಾಧ್ಯತೆ ಇರುವವರು ಅರ್ಜಿ ಹಾಕುವ ಮೊದಲೇ ಸ್ಥಳ ಬದಲಾವಣೆಯ ನಿಯಮವನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಸೇರಿದ ಮೇಲೆ ನೇಮಕಾತಿ ಆದೇಶ, ತರಬೇತಿ ಪತ್ರ, ಗೌರವಧನ ಜಮೆಯಾದ ಪಾಸ್‌ಬುಕ್ ಪುಟಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ನಾಳೆ ಗ್ರಾಚ್ಯುಟಿಗೆ ಸೇವೆಯ ವರ್ಷ ಎಣಿಸುವಾಗ ತೋರಿಸಬೇಕಾದ ದಾಖಲೆಗಳು ಅವೇ.